ರೈತರ ಸಭೆಯಲ್ಲಿ ಫೋನಿಗೆ ಇರುವ ಕೆಲಸ

ರೈತರ ಗುಂಪು ಸಭೆ ಎಂಬ ಮಾತು ಇಂದು ಒಂದೇ ಬಗೆಯ ಕೂಟವನ್ನು ಸೂಚಿಸುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ವಾರ್ಷಿಕ ಮಹಾಸಭೆ, ಹಾಲು ಉತ್ಪಾದಕರ ಸಂಘದ ಸರ್ವ ಸದಸ್ಯರ ಸಭೆ, ಕಾಲುವೆ ಬಯಲಿನ ನೀರು ಬಳಕೆದಾರರ ಸಂಘದ ಸಭೆ, ಮಹಿಳಾ ಸ್ವಸಹಾಯ ಗುಂಪಿನ ವಾರದ ಕೂಟ, ಈಚಿನ ದಶಕಗಳಲ್ಲಿ ಬಂದ ರೈತ ಉತ್ಪಾದಕ ಕಂಪನಿಯ ಸಭೆ, ಇವೆಲ್ಲವೂ ಆ ಮಾತಿನೊಳಗೆ ಸೇರುತ್ತವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಂದಿನಿಂದ ಈ ಸಂಸ್ಥೆಗಳ ಹೆಸರು, ಕಾನೂನು, ವ್ಯವಹಾರಗಳೆಲ್ಲ ಬದಲಾಗಿದ್ದರೂ ಒಂದು ಕೊರಗು ಮಾತ್ರ ಬಿಡದೆ ಬಂದಿದೆ: ಸದಸ್ಯರ ಪಟ್ಟಿಯಲ್ಲಿ ಹೆಸರಿರುವವರಲ್ಲಿ ಕೆಲವರಷ್ಟೇ ಸಭೆಗೆ ಬರುತ್ತಾರೆ, ಬಂದವರಲ್ಲಿ ಬೆರಳೆಣಿಕೆಯ ಮಂದಿಯಷ್ಟೇ ಬಾಯಿ ತೆರೆಯುತ್ತಾರೆ. ಮೊಬೈಲ್ ಫೋನು, ವಿಡಿಯೊ, ಧ್ವನಿ ಸಂದೇಶ, ಆ್ಯಪ್‌ಗಳು ಈ ಕೊರಗನ್ನು ನೀಗಿಸಬಲ್ಲವು ಎಂಬ ಭರವಸೆ ಕೃಷಿ ಇಲಾಖೆಗಳಲ್ಲೂ ಸ್ವಯಂಸೇವಾ ಸಂಸ್ಥೆಗಳಲ್ಲೂ ಈಗ ಬಲವಾಗಿದೆ. ಆ ಭರವಸೆಗೆ ಆಧಾರವಿಲ್ಲ ಎನ್ನಲಾಗದು. ಆದರೆ ಕಳೆದ ಎರಡು ದಶಕಗಳಲ್ಲಿ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಧನಗಳು ಎಲ್ಲಿ ಕೆಲಸಕ್ಕೆ ಬಂದವೋ ಅಲ್ಲೆಲ್ಲ ಅವು ಸಭೆಯ ಜಾಗವನ್ನು ತಾವು ತುಂಬಲು ಹೋಗಲಿಲ್ಲ, ಸಭೆಯೊಳಗೆ ರೈತನ ಮಾತಿಗೆ ತೂಕ ಬರುವಂತೆ ಮಾಡಿದವು ಎಂಬುದು ಕಾಣುತ್ತದೆ.

ಸಭೆಗೆ ಜನ ಸೇರುವುದು ಕೇವಲ ಶಿಷ್ಟಾಚಾರವಲ್ಲ, ಕಾನೂನಿನ ಅಗತ್ಯವೂ ಹೌದು. 2002ರ ತಿದ್ದುಪಡಿಯ ಮೂಲಕ ಕಂಪನಿ ಕಾಯ್ದೆಯೊಳಗೆ ಬಂದ ಉತ್ಪಾದಕ ಕಂಪನಿ ಎಂಬ ರೂಪವು ಸಹಕಾರ ಸಂಘದ ತತ್ವವನ್ನೂ ಕಂಪನಿಯ ಚೌಕಟ್ಟನ್ನೂ ಬೆಸೆಯುವ ಯತ್ನವಾಗಿದ್ದು, ವ್ಯಕ್ತಿಗಳೇ ಸದಸ್ಯರಾಗಿರುವ ಇಂಥ ಕಂಪನಿಯಲ್ಲಿ ಎಷ್ಟೇ ಷೇರುಗಳಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಮಹಾಸಭೆಗೆ ಕನಿಷ್ಠ 14 ದಿನ ಮೊದಲು ಲಿಖಿತ ತಿಳಿವಳಿಕೆ ಕೊಡಬೇಕು. ನಿಯಮಾವಳಿ ಹೆಚ್ಚಿನ ಸಂಖ್ಯೆಯನ್ನು ಕೇಳದಿದ್ದರೆ ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಂದಿ ಹಾಜರಿದ್ದಾಗ ಮಾತ್ರ ಸಭೆಯ ತೀರ್ಮಾನಕ್ಕೆ ಬೆಲೆ. ಈ ಕನಿಷ್ಠ ಹಾಜರಾತಿಯನ್ನೇ ಕೋರಂ ಎನ್ನುತ್ತಾರೆ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ಬಯಲು ಪ್ರದೇಶದ ಒಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕೆಂಬ ನಿಯಮವಿರುವುದರಿಂದ, ತೀರ ಚಿಕ್ಕ ಸಂಸ್ಥೆಯೂ 75 ರೈತರನ್ನು ಒಂದೆಡೆ ಕೂರಿಸಬೇಕು. ಸದಸ್ಯರು ಸಾವಿರವಾದರೆ 250 ಮಂದಿ. ಆ ರೈತರು ಒಂದೇ ಊರಿನವರಲ್ಲ, ಹೋಬಳಿಯ ಹತ್ತಾರು ಹಳ್ಳಿಗಳವರು. ಸಹಕಾರ ಸಂಘಗಳ ವಿಷಯದಲ್ಲಿ ಸಂವಿಧಾನದ 97ನೇ ತಿದ್ದುಪಡಿಯು ಸದಸ್ಯರು ಇಂತಿಷ್ಟು ಸಭೆಗಳಿಗೆ ಹಾಜರಾಗಲೇಬೇಕೆಂದು ರಾಜ್ಯಗಳು ಕಾನೂನು ಮಾಡಬಹುದು ಎಂದು ಸೇರಿಸಿತ್ತು. ಆ ಭಾಗವು ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತಾದರೂ, ಬಾರದಿದ್ದರೆ ಹಕ್ಕು ಹೋಗುತ್ತದೆ ಎಂಬ ಹೆದರಿಕೆಯಿಂದ ಜನರನ್ನು ಸೇರಿಸುವ ಯೋಚನೆ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದಕ್ಕೆ ಅದು ಸಾಕ್ಷಿ. ಹೆದರಿಕೆಯಿಂದ ಬಂದವನು ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತಾನೆ, ಊಟ ಮಾಡುತ್ತಾನೆ, ಹೊರಡುತ್ತಾನೆ.

ಬಾರದಿರುವುದಕ್ಕೆ ರೈತರ ಬಳಿ ಇರುವ ಕಾರಣಗಳು ಸಣ್ಣವಲ್ಲ. ಪಂಪ್‌ಸೆಟ್‌ಗೆ ತ್ರೀಫೇಸ್ ವಿದ್ಯುತ್ತು ಬರುವ ವೇಳೆಗೆ ತೋಟದಲ್ಲಿರಬೇಕು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಬೇಕು, ಸಂತೆಯ ದಿನ ಬೇರೆ, ಕೂಲಿಯಾಳು ಸಿಕ್ಕ ದಿನ ಬೇರೆ. ಭೂಮಿ ಕಡಿಮೆಯಿದ್ದು ಕೂಲಿಗೂ ಹೋಗುವವರಿಗೆ ಅರ್ಧ ದಿನದ ಸಭೆ ಎಂದರೆ ಅರ್ಧ ದಿನದ ಕೂಲಿ. ಆದರೂ ಇವೆಲ್ಲ ಅಡಚಣೆಗಳ ನಡುವೆಯೇ ಅದೇ ರೈತರು ಮದುವೆಗೆ, ಜಾತ್ರೆಗೆ, ನ್ಯಾಯಪಂಚಾಯ್ತಿಗೆ ಸೇರುತ್ತಾರೆಂಬುದನ್ನು ಮರೆಯುವಂತಿಲ್ಲ. ಹಾಗಾದರೆ ತೊಂದರೆ ವೇಳೆಯದಷ್ಟೇ ಅಲ್ಲ. ತೀರ್ಮಾನಗಳು ಮೊದಲೇ ಆಗಿರುತ್ತವೆ, ಸಭೆಯಲ್ಲಿ ಅವುಗಳಿಗೆ ಕೈ ಎತ್ತಿಸುವುದಷ್ಟೇ ಉಳಿದಿರುತ್ತದೆ, ಕೇಳಿದ ಪ್ರಶ್ನೆ ಏನಾಯಿತೆಂದು ಮುಂದಿನ ವರ್ಷ ಯಾರೂ ಹೇಳುವುದಿಲ್ಲ ಎಂಬ ಅನುಭವ ಒಮ್ಮೆ ಮನಸ್ಸಿನಲ್ಲಿ ಕೂತರೆ ಎಷ್ಟು ಸಂದೇಶ ಕಳಿಸಿದರೂ ಅದು ಏಳುವುದಿಲ್ಲ. ಡಿಜಿಟಲ್ ಸಾಧನಗಳನ್ನು ಅಳೆಯಬೇಕಾದುದು ಈ ಅನುಭವದ ಎದುರಿಗಿಟ್ಟು.

ಈ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳ ಪ್ರಯೋಗ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 2006ರಲ್ಲಿ ರಿಕಿನ್ ಗಾಂಧಿ ಮತ್ತವರ ಸಂಗಡಿಗರು, ಬೀಜ ಸಂರಕ್ಷಣೆಯಲ್ಲಿ ಹೆಸರಾದ ಗ್ರೀನ್ ಫೌಂಡೇಶನ್ ಸಂಸ್ಥೆಯ ಜತೆಗೂಡಿ ‘ಡಿಜಿಟಲ್ ಗ್ರೀನ್’ ಎಂಬ ಯೋಜನೆಯನ್ನು ಆರಂಭಿಸಿದರು. 2008ರಲ್ಲಿ ಅದೇ ಹೆಸರಿನ ಸ್ವತಂತ್ರ ಸಂಸ್ಥೆಯಾಗಿ ಅದು ಬೇರೆಯಾಯಿತು. ಅದರ ವಿಧಾನ ನೋಡಲು ಸರಳ. ಹಳ್ಳಿಯ ರೈತನೊಬ್ಬ ತನ್ನ ಹೊಲದಲ್ಲೇ ಒಂದು ಪದ್ಧತಿಯನ್ನು ಮಾಡಿ ತೋರಿಸುವುದನ್ನು ಚಿಕ್ಕ ಕ್ಯಾಮೆರಾದಲ್ಲಿ ಚಿತ್ರಿಸಿ, ಕೆಲವೇ ನಿಮಿಷಗಳ ವಿಡಿಯೊ ಮಾಡಿ, ಅಕ್ಕಪಕ್ಕದ ಊರುಗಳಲ್ಲಿ ಸಂಜೆಯ ಹೊತ್ತು ಹತ್ತಿಪ್ಪತ್ತು ರೈತರ ಗುಂಪಿಗೆ ತೋರಿಸುವುದು. ಮೊದಮೊದಲು ಟಿ.ವಿ. ಮತ್ತು ಡಿವಿಡಿ ಪ್ಲೇಯರ್, ಮುಂದೆ ಬ್ಯಾಟರಿಯಿಂದ ನಡೆಯುವ ಅಂಗೈಯಗಲದ ಪ್ರೊಜೆಕ್ಟರ್ ಬಂದವು. ವಿಡಿಯೊ ಓಡುತ್ತಿರುವಾಗ ಸುಮ್ಮನೆ ಕೂರುವಂತಿರಲಿಲ್ಲ: ಅದೇ ಊರಿನ, ಸ್ವಲ್ಪ ತರಬೇತಿ ಪಡೆದ ಒಬ್ಬ ವ್ಯಕ್ತಿ ನಡುನಡುವೆ ಅದನ್ನು ನಿಲ್ಲಿಸಿ, ಇಲ್ಲಿಯವರೆಗೆ ಏನಾಯಿತು, ನಿಮ್ಮ ಹೊಲದಲ್ಲಿ ಇದು ಆಗುತ್ತದೆಯೇ, ಆಗದಿದ್ದರೆ ಯಾಕೆ ಎಂದು ಕೇಳಬೇಕಿತ್ತು. ಯಾರು ಬಂದರು, ಯಾರು ಏನು ಕೇಳಿದರು, ಯಾರು ಮುಂದೆ ಅದನ್ನು ತಮ್ಮ ಹೊಲದಲ್ಲಿ ಮಾಡಿದರು ಎಂಬುದೆಲ್ಲ ಹೆಸರು ಸಮೇತ ದಾಖಲಾಗುತ್ತಿತ್ತು. ಒಂದು ಊರಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಯೇ ಮುಂದಿನ ವಿಡಿಯೊದ ವಸ್ತುವಾಗುವುದಕ್ಕೆ ಈ ದಾಖಲೆ ದಾರಿ ಮಾಡಿಕೊಟ್ಟಿತು.

16 ಹಳ್ಳಿಗಳ 1,470 ಕುಟುಂಬಗಳ ನಡುವೆ 13 ತಿಂಗಳು ನಡೆದ ಮೊದಲ ಪರೀಕ್ಷೆಯಲ್ಲಿ, ಬರೀ ವಿಸ್ತರಣಾ ಕಾರ್ಯಕರ್ತರು ಹೋಗಿ ಹೇಳುವ ಹಳೆಯ ಕ್ರಮಕ್ಕೆ ಹೋಲಿಸಿದರೆ ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡವರ ಪ್ರಮಾಣ ಆರೇಳು ಪಟ್ಟು ಹೆಚ್ಚಿತೆಂದೂ, ಒಬ್ಬ ರೈತ ಒಂದು ಪದ್ಧತಿಯನ್ನು ಒಪ್ಪಿಕೊಳ್ಳಲು ತಗಲುವ ಖರ್ಚನ್ನು ಲೆಕ್ಕ ಹಾಕಿದರೆ ಹತ್ತು ಪಟ್ಟು ಪರಿಣಾಮಕಾರಿಯಾಯಿತೆಂದೂ ಯೋಜನೆಯವರು ವರದಿ ಮಾಡಿದರು. ತಾವೇ ಕಟ್ಟಿದ ಪದ್ಧತಿಯನ್ನು ತಾವೇ ಅಳೆದ ಚಿಕ್ಕ ಪರೀಕ್ಷೆಯ ಅಂಕಿಗಳೆಂಬ ಎಚ್ಚರದಿಂದಲೇ ಇವನ್ನು ಓದಬೇಕು. ಅಂಕಿಗಳಿಗಿಂತ ಹೆಚ್ಚು ಹೇಳುವುದು ಸಭೆಗಳಲ್ಲಿ ಕಂಡ ಒಂದು ವರ್ತನೆ. ವಿಡಿಯೊ ನೋಡಿದ ರೈತರು ಮೊದಲು ಕೇಳುತ್ತಿದ್ದುದು ಗೊಬ್ಬರದ ಪ್ರಮಾಣವನ್ನೋ ಇಳುವರಿಯನ್ನೋ ಅಲ್ಲ. ಅದರಲ್ಲಿರುವವರು ಯಾರು, ಯಾವ ಊರಿನವರು ಎಂದು. ತಮ್ಮಂಥದೇ ಮಣ್ಣು, ತಮ್ಮಷ್ಟೇ ಜಮೀನು, ತಮ್ಮದೇ ಮಾತಿನ ಧಾಟಿ ಇರುವ ಮನುಷ್ಯ ಮಾಡಿದ್ದಾನೆಂದು ಖಾತ್ರಿಯಾದ ಮೇಲಷ್ಟೇ ಉಳಿದ ಮಾತು. ಕೃಷಿ ವಿಶ್ವವಿದ್ಯಾಲಯದ ತಜ್ಞರು ಬಂದು ಸುಂದರವಾಗಿ ವಿವರಿಸುವ ಚಿತ್ರಕ್ಕೆ ಈ ಗುಣ ಬರುವುದು ಕಷ್ಟ. ಜತೆಗೆ ತಾನೂ ಒಮ್ಮೆ ಪರದೆಯ ಮೇಲೆ ಕಾಣಬಹುದು ಎಂಬ ಆಸೆಯೂ ಕೆಲಸ ಮಾಡಿತು. ಇದನ್ನು ಹಗುರವಾಗಿ ಕಾಣಬೇಕಿಲ್ಲ, ಊರಿನ ಸಭೆಯಲ್ಲಿ ಎದ್ದು ಮಾತನಾಡಲು ಹಿಂಜರಿಯುವವನಿಗೆ ತನ್ನ ಹೊಲದಲ್ಲಿ ನಿಂತು ಕ್ಯಾಮೆರಾಗೆ ಹೇಳುವುದು ಸುಲಭ, ಹಾಗೆ ಹೇಳಿದ ಮೇಲೆ ಸಭೆಯಲ್ಲಿ ಅವನನ್ನು ಜನ ಕೇಳುತ್ತಾರೆ.

ಇದಕ್ಕೆ ಮೊದಲಿದ್ದ ಕ್ರಮವನ್ನು ನೆನೆದರೆ ಬದಲಾವಣೆಯ ಅಳತೆ ಸಿಗುತ್ತದೆ. 1970ರ ದಶಕದಲ್ಲಿ ಡೇನಿಯಲ್ ಬೆನೊರ್ ರೂಪಿಸಿ ವಿಶ್ವಬ್ಯಾಂಕ್ ಬೆಂಬಲಿಸಿದ ‘ತರಬೇತಿ ಮತ್ತು ಭೇಟಿ’ ಪದ್ಧತಿಯಲ್ಲಿ, ಗ್ರಾಮಮಟ್ಟದ ಕಾರ್ಯಕರ್ತ ಗೊತ್ತಾದ ದಿನಗಳಂದು ತರಬೇತಿ ಪಡೆದು, ಗೊತ್ತಾದ ದಿನಗಳಂದು ಆಯ್ದ ಕೆಲವು ಸಂಪರ್ಕ ರೈತರನ್ನು ಭೇಟಿಯಾಗಿ, ಅವರಿಂದ ಉಳಿದವರಿಗೆ ವಿಷಯ ಹರಿಯುತ್ತದೆಂದು ನಂಬಲಾಗಿತ್ತು. ಮಾತು ಮೇಲಿಂದ ಕೆಳಗೆ ಇಳಿಯುತ್ತಿತ್ತು, ಕೆಳಗಿನ ಪ್ರಶ್ನೆ ಮೇಲೆ ಏರಲು ದಾರಿ ಕಿರಿದಾಗಿತ್ತು, ಆಯ್ದ ರೈತರು ಬಹುಮಟ್ಟಿಗೆ ಊರಿನ ಅನುಕೂಲಸ್ಥರೇ ಆಗಿರುತ್ತಿದ್ದರು. ಡಿಜಿಟಲ್ ಗ್ರೀನ್ ಪ್ರಯೋಗದ ಜತೆಗಿದ್ದ ಕೆಂಟಾರೊ ಟೊಯಾಮ ಮುಂದೆ 2015ರಲ್ಲಿ ಪ್ರಕಟವಾದ ತಮ್ಮ ‘ಗೀಕ್ ಹೆರೆಸಿ’ ಗ್ರಂಥದಲ್ಲಿ, ತಂತ್ರಜ್ಞಾನವು ಇರುವ ಶಕ್ತಿಯನ್ನೇ ಹಿಗ್ಗಿಸುತ್ತದೆ, ಇಲ್ಲದ ಶಕ್ತಿಯನ್ನು ತಂದುಕೊಡುವುದಿಲ್ಲ ಎಂಬ ವಾದವನ್ನು ಮುಂದಿಟ್ಟರು. ತಂತ್ರಜ್ಞರೊಬ್ಬರೇ ಹೇಳಿದ ಈ ಮಾತನ್ನು ರೈತರ ಸಭೆಗೆ ಅನ್ವಯಿಸಿದರೆ, ಚೆನ್ನಾಗಿ ನಡೆಯುವ ಸಂಘಕ್ಕೆ ಪ್ರೊಜೆಕ್ಟರ್ ಕೊಟ್ಟರೆ ಸಭೆ ಇನ್ನೂ ಚೆನ್ನಾಗುತ್ತದೆ, ಒಬ್ಬರ ಕೈಯಲ್ಲಿ ಸಿಕ್ಕ ಸಂಘಕ್ಕೆ ಕೊಟ್ಟರೆ ಆ ಒಬ್ಬರ ದನಿಯೇ ದೊಡ್ಡದಾಗುತ್ತದೆ ಎಂದಾಗುತ್ತದೆ.

ವಿಡಿಯೊಗಿಂತ ಅದರ ಸುತ್ತಲಿನ ಚರ್ಚೆಯೇ ಮುಖ್ಯವೆಂಬುದಕ್ಕೆ ಒಡಿಶಾದ ಕೆಂದುಝರ್ ಜಿಲ್ಲೆಯ ಅಧ್ಯಯನವೊಂದು ಇನ್ನಷ್ಟು ಪುಷ್ಟಿ ಕೊಡುತ್ತದೆ. ‘ಉಪವನ್’ ಎಂಬ ಹೆಸರಿನ, 148 ಗ್ರಾಮ ಸಮೂಹಗಳಲ್ಲಿ ನಡೆದು 2021ರಲ್ಲಿ ಫಲಿತಾಂಶ ಪ್ರಕಟವಾದ ಆ ಪರೀಕ್ಷೆಯಲ್ಲಿ ಮಹಿಳಾ ಗುಂಪುಗಳ ಸಭೆಗಳಲ್ಲಿ ಕೃಷಿ ಮತ್ತು ಪೌಷ್ಟಿಕತೆ ಕುರಿತ ಸ್ಥಳೀಯ ವಿಡಿಯೊಗಳನ್ನು ತೋರಿಸಲಾಯಿತು. ಒಂದು ವಿಭಾಗದಲ್ಲಿ ಅದರ ಜತೆಗೆ, ಸಮಸ್ಯೆಯನ್ನು ಗುಂಪೇ ಗುರುತಿಸಿ ಪರಿಹಾರವನ್ನೂ ಗುಂಪೇ ಯೋಜಿಸುವ ಸಹಭಾಗಿ ಕಲಿಕೆಯ ಸಭೆಗಳನ್ನು ಸೇರಿಸಲಾಯಿತು. ಮಕ್ಕಳು ತಿನ್ನುವ ಆಹಾರದ ವೈವಿಧ್ಯ ಹೆಚ್ಚು ಸುಧಾರಿಸಿದ್ದು ಈ ಚರ್ಚೆಯ ಸಭೆಗಳಿದ್ದ ವಿಭಾಗದಲ್ಲಿ. ತಾಯಂದಿರ ಮೈತೂಕದ ಸೂಚ್ಯಂಕದಲ್ಲಿ ಮಾತ್ರ ಯಾವ ವಿಭಾಗದಲ್ಲೂ ಬದಲಾವಣೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು; ಸಭೆ ಎಷ್ಟೇ ಚೆನ್ನಾಗಿ ನಡೆದರೂ ಎಲ್ಲವನ್ನೂ ಸಭೆಯೇ ಮಾಡಲಾರದು.

ಪರದೆಯ ದಾರಿ ಇದಾದರೆ, ದನಿಯ ದಾರಿ ಇನ್ನೊಂದು. ಅಕ್ಷರ ಓದಲು ತಡವರಿಸುವವರೂ ಕೀಪ್ಯಾಡ್ ಫೋನಿನಲ್ಲಿ ಮಾತನಾಡಬಲ್ಲರು ಎಂಬ ಸಾಮಾನ್ಯ ಸಂಗತಿಯನ್ನು ಆಧರಿಸಿ, ಗುಜರಾತಿನಲ್ಲಿ ಡೆವಲಪ್‌ಮೆಂಟ್ ಸಪೋರ್ಟ್ ಸೆಂಟರ್ ಎಂಬ ಸಂಸ್ಥೆಯ ಜತೆ ಸೇರಿ ನೀಲ್ ಪಟೇಲ್ ಮೊದಲಾದ ಸಂಶೋಧಕರು ‘ಅವಾಜ್ ಓಟಲೊ’ ಎಂಬ ಧ್ವನಿ ಜಗಲಿಯನ್ನು ಕಟ್ಟಿದರು. ರೈತರು ಒಂದು ಸಂಖ್ಯೆಗೆ ಕರೆ ಮಾಡಿ, ಗುಂಡಿ ಒತ್ತಿ, ತಮ್ಮ ಪ್ರಶ್ನೆಯನ್ನು ದನಿಯಲ್ಲೇ ಬಿಡಬಹುದಿತ್ತು, ಬೇರೆಯವರ ಪ್ರಶ್ನೆಗಳನ್ನು ಕೇಳಬಹುದಿತ್ತು, ಗೊತ್ತಿದ್ದರೆ ಉತ್ತರವನ್ನೂ ಹೇಳಬಹುದಿತ್ತು. 51 ರೈತರೊಂದಿಗೆ ಏಳು ತಿಂಗಳು ನಡೆದ ಪ್ರಯೋಗದಲ್ಲಿ ಸಂಸ್ಥೆಯ ಸಿದ್ಧ ಪ್ರಕಟಣೆಗಳಿಗಿಂತ ಈ ಪ್ರಶ್ನೋತ್ತರದ ಭಾಗಕ್ಕೇ ಹೆಚ್ಚು ಕಿವಿಗಳು ಸೇರಿದವು. 2004ರಿಂದ ದೇಶದಲ್ಲಿರುವ ಕಿಸಾನ್ ಕಾಲ್ ಸೆಂಟರ್‌ಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ: ಅಲ್ಲಿ ರೈತ ಕೇಳಿದ್ದು, ಉತ್ತರಿಸಿದವರು ಹೇಳಿದ್ದು ಆ ಇಬ್ಬರ ನಡುವೆಯೇ ಮುಗಿಯುತ್ತದೆ, ಇಲ್ಲಿ ಒಬ್ಬನ ಸಂಶಯ ಎಲ್ಲರದೂ ಆಗುತ್ತದೆ. ಅದೇ ಸಂಶೋಧಕರ ಮುಂದಿನ ಅಧ್ಯಯನವೊಂದರಲ್ಲಿ ಇನ್ನೊಂದು ಕುತೂಹಲದ ಅಂಶ ಹೊರಬಂದಿತು. ಯಾರ ಸಲಹೆ ಬೇಕೆಂದು ನೇರವಾಗಿ ಕೇಳಿದಾಗ ರೈತರು ವಿಜ್ಞಾನಿಗಳದೆಂದರು. ಆದರೆ ವಿಜ್ಞಾನಿಗಳ ದನಿಯಲ್ಲೂ ಸಹರೈತರ ದನಿಯಲ್ಲೂ ಸಲಹೆಗಳನ್ನು ಕಳಿಸಿ ನೋಡಿದಾಗ, ಹೆಚ್ಚಿನ ವಿವರಕ್ಕಾಗಿ ತಿರುಗಿ ಕರೆ ಮಾಡಿದ್ದು ಸಹರೈತರ ಸಂದೇಶಗಳಿಗೇ ಹೆಚ್ಚು. ಸಭೆಯಲ್ಲಿ ಅತಿಥಿಯ ಭಾಷಣಕ್ಕೆ ಒಂದು ಗಂಟೆ, ರೈತರ ಅನುಭವಕ್ಕೆ ಕೊನೆಯ ಹತ್ತು ನಿಮಿಷ ಇಡುವ ವಾಡಿಕೆಯ ಸಂಘಟಕರು ಈ ಫಲಿತಾಂಶವನ್ನು ಗಮನಿಸುವುದು ಒಳ್ಳೆಯದು.

ಕರ್ನಾಟಕಕ್ಕೆ ಈ ದನಿಯ ದಾರಿ ಹೊಸದಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲೇ, ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳ ನೆರವಿನಿಂದ, ಮಹಿಳಾ ಸ್ವಸಹಾಯ ಗುಂಪುಗಳ ಬೆನ್ನೆಲುಬಿನ ಮೇಲೆ ‘ನಮ್ಮ ಧ್ವನಿ’ ಎಂಬ ಸಮುದಾಯ ಮಾಧ್ಯಮ ಕೇಂದ್ರ ನಡೆಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಕೊಡುವ ನೀತಿ ಬಂದಿದ್ದು 2006ರಲ್ಲಿ. ಅದಕ್ಕೂ ಮೊದಲು ಇಲ್ಲಿನವರು ತಾವೇ ಧ್ವನಿಮುದ್ರಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕವೂ ಗುಂಪಿನ ಸಭೆಗಳಲ್ಲಿ ಕೇಳಿಸುವ ಮೂಲಕವೂ ಮುಟ್ಟಿಸಿದರು. ಪರವಾನಗಿ ಇಲ್ಲದ್ದರಿಂದಾಗಿಯೇ ಕೇಳುವವರು ಒಟ್ಟಿಗೆ ಕೂತು ಕೇಳಬೇಕಾಯಿತು, ಕೇಳಿದ ಮೇಲೆ ಮಾತು ಹುಟ್ಟಿತು. ಇಂದು ಒಬ್ಬೊಬ್ಬರ ಕಿವಿಗೂ ಒಂದೊಂದು ಫೋನು ಬಂದಿರುವಾಗ ಈ ಒಟ್ಟಿಗೆ ಕೇಳುವ ಗುಣವನ್ನು ಯತ್ನಪೂರ್ವಕವಾಗಿ ಉಳಿಸಿಕೊಳ್ಳಬೇಕಾಗಿದೆ.

ವಾಟ್ಸ್‌ಆ್ಯಪ್ ಗುಂಪಿನ ಪ್ರಶ್ನೆ ಏಳುವುದು ಇಲ್ಲಿ. ಸಂಘಗಳ ಮಟ್ಟಿಗೆ ಇದೇ ಈಗ ಡಂಗುರ, ಇದೇ ಕರಪತ್ರ. ಹೆಚ್ಚಿನ ಕಡೆ ಇದರ ಉಪಯೋಗ ಸಭೆಯ ದಿನಾಂಕವನ್ನು ಹಾಕುವುದಕ್ಕೂ ಸಭೆಯ ಚಿತ್ರಗಳನ್ನು ಹಾಕುವುದಕ್ಕೂ ಸೀಮಿತವಾಗಿದ್ದು, ನಡುವೆ ಶುಭೋದಯದ ಸಂದೇಶಗಳ ಹೊಳೆ ಹರಿದು ಆಹ್ವಾನವೇ ಕೊಚ್ಚಿಹೋಗುತ್ತದೆ. ಅದನ್ನು ತಡೆಯಲು ಅಡ್ಮಿನ್ ಮಾತ್ರ ಬರೆಯಬಹುದೆಂದು ಬೀಗ ಹಾಕಿದರೆ ಹೊಳೆಯ ಜತೆ ಮಾತೂ ನಿಲ್ಲುತ್ತದೆ. ಇದಕ್ಕಿಂತ ಫಲ ಕೊಡಬಲ್ಲ ಬಳಕೆ ಬೇರೆಯಿದೆ. ಸಭೆಗೆ ಒಂದು ವಾರ ಮೊದಲು ಕಾರ್ಯದರ್ಶಿಯು ಚರ್ಚೆಯ ವಿಷಯಗಳನ್ನು ಎರಡು ನಿಮಿಷದ ಧ್ವನಿ ಸಂದೇಶದಲ್ಲಿ ಊರಿನ ಮಾತಿನಲ್ಲೇ ಹೇಳಿ, ಸದಸ್ಯರು ತಮ್ಮ ಪ್ರಶ್ನೆಯನ್ನು ದನಿಯಲ್ಲೇ ಕಳಿಸಲಿ ಎಂದು ಕೇಳಿ, ಬಂದ ಪ್ರಶ್ನೆಗಳನ್ನು ಸಭೆಯಲ್ಲಿ ಸ್ಪೀಕರ್‌ಗೆ ಹಾಕಿ ಎಲ್ಲರಿಗೂ ಕೇಳಿಸಿ ಒಂದೊಂದಕ್ಕೂ ಆಡಳಿತ ಮಂಡಳಿಯಿಂದ ಉತ್ತರ ಕೊಡಿಸಿದರೆ, ಬರಲಾಗದವರ ಮಾತೂ ಸಭೆಗೆ ಬರುತ್ತದೆ, ಅಧ್ಯಕ್ಷರ ಎದುರು ಎದ್ದು ನಿಲ್ಲಲು ಅಳುಕುವವರ ಮಾತೂ ಬರುತ್ತದೆ. ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ, ಅನುದಾನ ಬೇಕಿಲ್ಲ. ಬೇಕಿರುವುದು ಆಡಳಿತ ಮಂಡಳಿಗೆ ಎಲ್ಲರೆದುರು ಉತ್ತರಿಸುವ ಮನಸ್ಸು, ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಭೆಯ ವೇಳೆಯನ್ನು ನಿಗದಿ ಮಾಡಲು ಗುಂಪಿನಲ್ಲೇ ಮತ ಕೇಳುವ ಸೌಲಭ್ಯವೂ ಇದೆ. ಮೂರು ವೇಳೆಗಳನ್ನು ಮುಂದಿಟ್ಟು ಒಂದನ್ನು ಆರಿಸಲು ಹೇಳುವುದು ಸಣ್ಣ ಕೆಲಸವಾದರೂ, ಸಭೆ ತಮ್ಮದು ಎಂಬ ಭಾವನೆ ಅಲ್ಲಿಂದಲೇ ಆರಂಭವಾಗಬಹುದು. ವಾಟ್ಸ್‌ಆ್ಯಪ್ ಇಲ್ಲದವರಿಗೆ, ಮೊದಲೇ ಧ್ವನಿಮುದ್ರಿಸಿದ ಕರೆ ಅಥವಾ ಡೇರಿಯ ಬಳಿ ಹಾಕುವ ಧ್ವನಿವರ್ಧಕ ಇದ್ದೇ ಇದೆ. ಯಾರೂ ಕರೆಯದೆ ಪ್ರತಿದಿನ ಎರಡು ಬಾರಿ ರೈತರು, ಅದರಲ್ಲೂ ಮಹಿಳೆಯರು, ಸೇರುವ ಜಾಗ ಹಳ್ಳಿಯಲ್ಲಿ ಡೇರಿಯೊಂದೇ ಎಂಬುದನ್ನು ಸಭೆ ಸಂಘಟಿಸುವವರು ಸಾಕಷ್ಟು ಬಳಸಿಕೊಂಡಿಲ್ಲ.

ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ, ಕಂಪನಿ ವ್ಯವಹಾರಗಳ ಸಚಿವಾಲಯ ವಿಡಿಯೊ ಮೂಲಕ ಮಹಾಸಭೆ ನಡೆಸಲು ಕಂಪನಿಗಳಿಗೆ ಅವಕಾಶ ಕೊಟ್ಟಿತು. ಬಹುಮಟ್ಟಿಗೆ ಲೆಕ್ಕಪರಿಶೋಧಕರಿಗೂ ನಿರ್ದೇಶಕರಿಗೂ ಒಗ್ಗುವ ಈ ಏರ್ಪಾಡು, ನೆಟ್‌ವರ್ಕ್ ಹುಡುಕಿ ದಿಬ್ಬ ಹತ್ತಬೇಕಾದ ರೈತನಿಗೆ ಒಗ್ಗುವುದು ಸುಲಭವಲ್ಲ. ಹತ್ತಿರದ ನಾಲ್ಕು ಹಳ್ಳಿಗಳವರು ಒಂದೊಂದು ಕಡೆ ಒಟ್ಟಿಗೆ ಕೂತು, ಆ ಕೂಟಗಳನ್ನು ಒಂದು ಪರದೆಯ ಮೂಲಕ ಜೋಡಿಸುವುದು ಹೆಚ್ಚು ಕಾರ್ಯಸಾಧ್ಯ.

ಸಭೆಗೆ ತನ್ನದೇ ಆದ ಮಾಹಿತಿ ಇದ್ದಾಗ ಜನ ಬರುವ ರೀತಿಯೇ ಬೇರೆ ಎಂಬುದನ್ನು ಅಂತರ್ಜಲದ ಉದಾಹರಣೆ ತೋರಿಸುತ್ತದೆ. ಅವಿಭಜಿತ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಿಂದ ನಡೆದ ರೈತರೇ ನಿರ್ವಹಿಸುವ ಅಂತರ್ಜಲ ಯೋಜನೆಯಲ್ಲಿ, ರೈತರು ತಮ್ಮ ಕೊಳವೆಬಾವಿಗಳ ನೀರಿನ ಮಟ್ಟವನ್ನೂ ಊರಿನ ಮಳೆಯನ್ನೂ ತಾವೇ ಅಳೆದು, ಹಿಂಗಾರಿಗೆ ಮೊದಲು ಸಭೆ ಸೇರಿ, ಇರುವ ನೀರೆಷ್ಟು, ಬಿತ್ತಬೇಕೆಂದಿರುವ ಬೆಳೆಗಳಿಗೆ ಬೇಕಾದ ನೀರೆಷ್ಟು ಎಂಬ ಲೆಕ್ಕವನ್ನು ಎದುರಿಗಿಟ್ಟುಕೊಂಡು ಮಾತನಾಡುತ್ತಿದ್ದರು. ಇದಕ್ಕೆ ನೀರಿನ ಆಯವ್ಯಯ ಎಂದು ಹೆಸರು. ಯಾವ ಬೆಳೆ ಬೇಡವೆಂದು ಯಾರಿಗೂ ಆಜ್ಞೆ ಮಾಡದೆ, ಲೆಕ್ಕವನ್ನು ಬಿಚ್ಚಿಟ್ಟು ನಿರ್ಧಾರವನ್ನು ಅವರವರಿಗೇ ಬಿಡುವುದು ಆ ಕ್ರಮದ ಜೀವಾಳ. 2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಇದೇ ಕಲ್ಪನೆಯನ್ನು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಗ್ರಾಮ ಪಂಚಾಯ್ತಿಗಳಿಗೆ ತಂದಿತು. ನೀರಿನ ಮಟ್ಟ ಅಳೆಯುವ ಉಪಕರಣ, ಆ ಅಂಕಿಗಳನ್ನು ನಕ್ಷೆಯಾಗಿ ತೋರಿಸುವ ತಂತ್ರಾಂಶ ಇವೆಲ್ಲ ಈಗ ಸುಲಭವಾಗಿ ಸಿಗುತ್ತವೆ. ಆದರೆ ಅಂಕಿಯನ್ನು ರೈತನೇ ಅಳೆದಿದ್ದರೆ ಸಭೆಯಲ್ಲಿ ಅದರ ಮೇಲೆ ಜಗಳವಾದರೂ ಆಗುತ್ತದೆ, ಕಚೇರಿಯಿಂದ ಬಂದದ್ದಾದರೆ ಗೋಡೆಯ ಮೇಲೆ ಉಳಿಯುತ್ತದೆ.

ಇನ್ನೊಂದು ಬಗೆಯ ಡಿಜಿಟಲ್ ಸಾಧನವು ಸಭೆಗಳನ್ನು ಈಗಾಗಲೇ ಹೊಕ್ಕಿದೆ, ಮತ್ತು ಅದು ಮಾಡುತ್ತಿರುವ ಹಾನಿ ಸಣ್ಣದಲ್ಲ. ಸಭೆ ನಡೆಯಿತೆಂಬುದಕ್ಕೆ ಜಾಗ ಮತ್ತು ವೇಳೆ ಮುದ್ರಿತವಾದ ಜಿಪಿಎಸ್ ಫೋಟೊ ಕೇಳುವುದು ಯೋಜನೆಗಳ ವಾಡಿಕೆಯಾಗಿದೆ. ಬ್ಯಾನರ್ ಕಟ್ಟಿ, ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ, ಫೋಟೊ ತೆಗೆದು ಮೇಲಕ್ಕೆ ಕಳಿಸಿದರೆ ಸಭೆಯ ಉದ್ದೇಶ ಪೂರೈಸಿದಂತೆ. ಇಂಥ ಮೇಲ್ವಿಚಾರಣೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಉದ್ಯೋಗ ಖಾತರಿ ಯೋಜನೆಯ ಹಾಜರಾತಿ ಆ್ಯಪ್ ತೋರಿಸಿದೆ: 2023ರ ಜನವರಿಯಿಂದ ಕಡ್ಡಾಯವಾದ ಆ ವ್ಯವಸ್ಥೆಯಲ್ಲಿ ಸಂಬಂಧವಿಲ್ಲದ ಚಿತ್ರಗಳನ್ನೂ ಚಿತ್ರದ ಚಿತ್ರವನ್ನೂ ಏರಿಸಲಾಗುತ್ತಿದೆಯೆಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳಿಗೆ ಬರೆಯಬೇಕಾಯಿತು. ರೈತರ ಸಭೆಯ ಫೋಟೊ ಕೂಡ ಅದೇ ದಾರಿ ಹಿಡಿಯದಿರಲು ಕಾರಣವಿಲ್ಲ. ಮೇಲಿನವರಿಗೆ ಪುರಾವೆ ಒದಗಿಸಲು ಹುಟ್ಟಿದ ಸಾಧನದಿಂದ ಕೆಳಗಿನವರ ಭಾಗವಹಿಸುವಿಕೆ ಬೆಳೆಯುತ್ತದೆಂದು ನಿರೀಕ್ಷಿಸುವುದು ವ್ಯರ್ಥ.

ಸಾಧನವನ್ನು ಹಿಡಿದು ನಡೆಸುವ ಮನುಷ್ಯನ ಪ್ರಶ್ನೆಯನ್ನು ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ವಿಜಯೇಂದ್ರ ರಾವ್, ಕೃಪಾ ಅನಂತಪುರ ಮತ್ತು ಕಬೀರ್ ಮಲಿಕ್ ಅವರು ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜನರ ಭಾಗವಹಿಸುವಿಕೆಯನ್ನು ಹೆಚ್ಚಿಸಲು 100 ಹಳ್ಳಿಗಳಲ್ಲಿ ನಾಗರಿಕ ತರಬೇತಿ ನಡೆಸಿ, ಅಂಥ ತರಬೇತಿ ಇಲ್ಲದ ಬೇರೆ 100 ಹಳ್ಳಿಗಳಿಗೆ ಹೋಲಿಸಿತು. ಎರಡೂ ಕಡೆ ಕಾಲ ಕಳೆದಂತೆ ಸುಧಾರಣೆ ಕಂಡಿತೇ ಹೊರತು ತರಬೇತಿಯಿಂದಾದ ವ್ಯತ್ಯಾಸ ಸಿಗಲಿಲ್ಲ. ಸೋಲನ್ನು ಮುಚ್ಚಿಡದೆ ಕಾರಣ ಹುಡುಕಿದ್ದು ಆ ಅಧ್ಯಯನದ ಹೆಚ್ಚುಗಾರಿಕೆ: ಅನುವುಗಾರರ ಗುಣಮಟ್ಟ ಊರಿಂದೂರಿಗೆ ಬೇರೆಯಾಗಿತ್ತು, ಮೇಲಿನ ಅಧಿಕಾರಿಗಳ ಬೆಂಬಲ ಇರಲಿಲ್ಲ, ಊರಿನ ಪ್ರಬಲರ ಹಿಡಿತ ಸಡಿಲಲಿಲ್ಲ. ಅನುವುಗಾರ ಎಂದರೆ ತಾನು ತೀರ್ಮಾನ ಹೇಳದೆ ಇತರರ ಮಾತಿಗೆ ಅನುವು ಮಾಡಿಕೊಡುವವನು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಕಾಲದಿಂದ ರೈತ ಅನುವುಗಾರರು ಕರ್ನಾಟಕಕ್ಕೆ ಪರಿಚಿತರೇ. ಅವರಿಗೆ ಟ್ಯಾಬ್ ಕೊಡುವುದಕ್ಕೆ ಇರುವ ಉತ್ಸಾಹ, ಅವರಿಗೆ ತಕ್ಕ ಸಂಭಾವನೆಯನ್ನು ವೇಳೆಗೆ ಸರಿಯಾಗಿ ಕೊಡುವುದಕ್ಕೂ ಇದ್ದಿದ್ದರೆ ಎಷ್ಟೋ ಸಭೆಗಳ ಗತಿ ಬೇರೆಯಾಗುತ್ತಿತ್ತು.

ಸಭೆ ಮುಗಿದ ಮೇಲಿನ ಕೆಲಸದಲ್ಲಿ ಮಾತ್ರ ಯಂತ್ರಕ್ಕೆ ದೊಡ್ಡ ಪಾತ್ರವಿರಬಹುದೆಂದು ತೋರುತ್ತದೆ. ಸಭೆಯಲ್ಲಿ ನಡೆದ ಮಾತು ಮತ್ತು ಆದ ಠರಾವುಗಳ ಲಿಖಿತ ದಾಖಲೆಯಾದ ನಡಾವಳಿಯು ಎಷ್ಟೋ ಸಂಘಗಳಲ್ಲಿ ಸಭೆಯ ಎಷ್ಟೋ ದಿನಗಳ ನಂತರ, ಕಾರ್ಯದರ್ಶಿಯ ನೆನಪು ಮತ್ತು ಅನುಕೂಲಕ್ಕೆ ತಕ್ಕಂತೆ ಬರೆಯಲ್ಪಡುತ್ತದೆ. ಸಾಮಾನ್ಯ ಸದಸ್ಯ ಅದನ್ನು ಓದುವುದೂ ಅಪರೂಪ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ‘ಸಭಾಸಾರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ಹೊರತಂದಿತು. ಗ್ರಾಮಸಭೆಯ ಧ್ವನಿ ಅಥವಾ ವಿಡಿಯೊ ಮುದ್ರಣವನ್ನು ಕೊಟ್ಟರೆ, ಭಾರತೀಯ ಭಾಷೆಗಳ ಧ್ವನಿಯನ್ನು ಗುರುತಿಸುವ ‘ಭಾಷಿಣಿ’ ವ್ಯವಸ್ಥೆಯ ಮೂಲಕ ಅದು ನಡಾವಳಿಯ ಕರಡನ್ನು ಸಿದ್ಧಪಡಿಸುತ್ತದೆ. ರೈತ ಸಂಘಗಳಿಗೂ ಇಂಥದು ಬಂದರೆ ಒಳ್ಳೆಯದೇ. ಆದರೆ ಕಲಬುರಗಿಯ ಮಾತನ್ನೂ ಕುಂದಾಪುರದ ಮಾತನ್ನೂ ಯಂತ್ರ ಒಂದೇ ಸಮನೆ ಹಿಡಿಯಬಲ್ಲದೇ, ಇಪ್ಪತ್ತು ಮಂದಿ ಒಟ್ಟಿಗೆ ಮಾತನಾಡಿದಾಗ ಯಾರ ಮಾತು ಕರಡಿನಲ್ಲಿ ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಬೇಕು. ಜೋರಾಗಿ ಮಾತನಾಡುವವರು ಮೈಕಿನ ಹತ್ತಿರವೂ ಇರುತ್ತಾರೆ. ಎಲ್ಲವೂ ಮುದ್ರಣವಾಗುತ್ತಿದೆ ಎಂದಾಗ ಅಧ್ಯಕ್ಷರ ವಿರುದ್ಧ ಲೆಕ್ಕ ಕೇಳಬೇಕೆಂದಿದ್ದವನು ಸುಮ್ಮನಾಗುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಹೀಗಾಗಿ ಕರಡನ್ನು ಸಭೆ ಚದುರುವ ಮೊದಲೇ ಗಟ್ಟಿಯಾಗಿ ಓದಿ ಹೇಳಿ, ತಿದ್ದಿಸಿಕೊಂಡು, ನಂತರ ಮೂರು ನಿಮಿಷದ ಧ್ವನಿ ನಡಾವಳಿಯಾಗಿ ಎಲ್ಲ ಸದಸ್ಯರ ಫೋನಿಗೆ ಕಳಿಸಿ, ಮುಂದಿನ ಸಭೆಯನ್ನು ಹಿಂದಿನ ಠರಾವುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂಬುದರಿಂದಲೇ ಆರಂಭಿಸುವ ಕ್ರಮ ಬೇಕು. ಕೇಳಿದ ಪ್ರಶ್ನೆ ಕಳೆದುಹೋಗುವುದಿಲ್ಲ ಎಂದು ಒಂದೆರಡು ಬಾರಿ ಕಂಡುಕೊಂಡ ಸದಸ್ಯನನ್ನು ಮೂರನೆಯ ಬಾರಿ ಕರೆಯುವುದು ಅಷ್ಟು ಕಷ್ಟವಾಗುವುದಿಲ್ಲ.

ಎಲ್ಲ ಸದಸ್ಯರ ಫೋನು ಎಂಬ ಮಾತಿನಲ್ಲೂ ಒಂದು ತೊಡಕಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಫೋನು ಇರುವ ಮಹಿಳೆಯರು ಶೇ 54ರಷ್ಟು ಮಾತ್ರ, ಇಂಟರ್‌ನೆಟ್ಟನ್ನು ಎಂದಾದರೂ ಬಳಸಿದವರು ಸುಮಾರು ಮೂರನೇ ಒಂದು ಭಾಗ. ಸಂಘದ ಸದಸ್ಯತ್ವ ಪುಸ್ತಕದಲ್ಲಿ ಮಹಿಳೆಯ ಹೆಸರಿನ ಮುಂದಿರುವ ಸಂಖ್ಯೆ ಅನೇಕ ವೇಳೆ ಗಂಡನದೋ ಮಗನದೋ ಆಗಿರುತ್ತದೆ, ಆ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ ಸಭೆಯ ಆಹ್ವಾನವೂ ಬೆಂಗಳೂರಿಗೇ ಹೋಗುತ್ತದೆ. ಹೊಸ ಆ್ಯಪ್ ತರಿಸುವ ಮೊದಲು ಸಂಘಗಳು ಆ ಪುಸ್ತಕವನ್ನು ತೆರೆದು, ಪ್ರತಿಯೊಂದು ಸಂಖ್ಯೆ ಯಾರ ಕೈಯಲ್ಲಿದೆ, ಆ ಫೋನು ಮನೆಯಲ್ಲಿರುವುದು ಎಷ್ಟು ಹೊತ್ತಿಗೆ, ಅದರಲ್ಲಿ ಸಂದೇಶ ಓದುವವರು ಯಾರು ಎಂದು ಸದಸ್ಯರನ್ನೇ ಕೇಳಿ ಬರೆದುಕೊಳ್ಳಬೇಕು. ಫೋನೇ ಇಲ್ಲದವರ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ, ಯಾರ ಮನೆಗೆ ಯಾರು ಹೋಗಿ ಹೇಳಬೇಕೆಂದು ಗೊತ್ತುಮಾಡಿಕೊಳ್ಳಬೇಕು.